ಹುಟ್ಟಿಗೇ ಹಚ್ಚಿದ ಕಳಂಕ: ಮುಂಬಯಿ ಇಲಾಖೆಯ ಒಂದು ಕಾಯಿದೆಯ ಕಥೆ

ಹುಬ್ಬಳ್ಳಿಯ ಪರಿಚಯವಿದ್ದವರಿಗೆ ಅಲ್ಲಿಯ 'ಸೆಟ್ಲಮೆಂಟ್' ಎಂಬ ವಸತಿಯ ಹೆಸರು ಹೊಸದಲ್ಲ. ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿಯೂ ಆ ಹೆಸರಿನ ಭಾಗವೊಂದುಂಟು, ಸೊಲ್ಲಾಪುರದಲ್ಲಿಯೂ ಉಂಟು. ಊರಿನವರು ಆ ಹೆಸರನ್ನು ದಿನಕ್ಕೆ ಹತ್ತು ಸಲ ಆಡುತ್ತಾರೆ. ಆದರೆ ಅಲ್ಲಿ ನೆಲೆಸಿದವರು ಯಾರು, ತಾವಾಗಿ ಬಂದರೆ, ಇಲ್ಲವೆ ಯಾರಾದರೂ ತಂದು ಕೂಡಿಹಾಕಿದರೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯ ಉತ್ತರವನ್ನು ಹುಡುಕುತ್ತ ಹೊರಟರೆ ದಾರಿಯು ನೇರವಾಗಿ ನಾವಿರುವ ಈ ಮುಂಬಯಿಗೇ ಬಂದು ಮುಟ್ಟುತ್ತದೆ.

ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳು 1956ರ ಅಕ್ಟೋಬರ ಕೊನೆಯ ವರೆಗೂ ಮುಂಬಯಿ ಸರಕಾರದ ಆಡಳಿತದಲ್ಲಿದ್ದವು. ನವೆಂಬರ 1ರಂದು ನಾವು ತಾಯಿ ಭುವನೇಶ್ವರಿಗೆ ಆರತಿಯೆತ್ತುವಾಗ, ಏಕೀಕರಣಕ್ಕಾಗಿ ದುಡಿದ ಹಿರಿಯರನ್ನು ನೆನೆಯುತ್ತೇವೆ. ನೆನೆಯುವುದು ಯೋಗ್ಯವೂ ಹೌದು. ಆದರೆ ಅದೇ ನಾಲ್ಕು ಜಿಲ್ಲೆಗಳಲ್ಲಿ ತಂತಿಬೇಲಿಯೊಳಗೆ ಹುಟ್ಟಿ, ತಂತಿಬೇಲಿಯೊಳಗೆ ಬೆಳೆದ ಕೆಲವು ಸಾವಿರ ಜನರ ಕಥೆಯೂ ನಮ್ಮ ನಾಡಿನ ಇತಿಹಾಸವೇ. ಆ ಬೇಲಿಯನ್ನು ಹಾಕಿದ ಹುಕುಮು ಮುಂಬಯಿಯಿಂದ ಹೊರಟಿತು. ಅದನ್ನು ತೆಗೆದ ಹುಕುಮೂ ಮುಂಬಯಿಯಿಂದಲೇ ಹೊರಟಿತು. ಮುಂಬಯಿ ಕನ್ನಡಿಗರಾದ ನಾವು ಅದನ್ನು ತಿಳಿಯಬೇಕಾದದ್ದು ಈ ಕಾರಣಕ್ಕಾಗಿ.

ಮೊದಲು ಕಾಯಿದೆಯ ಮಾತು. 1860ರಲ್ಲಿ ಮಂಜೂರಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡಸಂಹಿತೆಯು ಪರಕೀಯರು ಮಾಡಿದ್ದಾದರೂ ಒಂದು ಒಳ್ಳೆಯ ತತ್ತ್ವದ ಮೇಲೆ ನಿಂತಿತ್ತು. ಮಾಡಿದವನಿಗೆ ಶಿಕ್ಷೆ, ಮಾಡದವನಿಗೆ ಇಲ್ಲ. ಕೈಯೂ ಮಾಡಿರಬೇಕು, ಮನಸ್ಸೂ ಕೂಡಿರಬೇಕು. ಎರಡೂ ನ್ಯಾಯಾಲಯದ ಮುಂದೆ ಸಾಕ್ಷಿಪುರಾವೆಯಿಂದ ಸಿದ್ಧವಾಗಬೇಕು. ಆದರೆ ಹತ್ತು ವರ್ಷ ತುಂಬುವುದರೊಳಗೆ, 1871ರಲ್ಲಿ, ಅದೇ ಸರಕಾರವು 'ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್' ಎಂಬ ಇನ್ನೊಂದು ಕಾಯಿದೆಯನ್ನು ಮಾಡಿ ಈ ತತ್ತ್ವವನ್ನು ಗಾಳಿಗೆ ತೂರಿತು. ನಮ್ಮ ದೇಶದಲ್ಲಿ ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ. ಹಾಗೆಯೇ ಕಳ್ಳನ ಮಗ ಕಳ್ಳನೇ ಆಗಬೇಕು ಎಂಬುದು ಆ ಕಾಯಿದೆಯ ಹಿಂದಿನ ವಾದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ನಮ್ಮ ಹಿರಿಯರು ನಗೆಗಾಗಿ ಹೇಳುತ್ತಿದ್ದರು; ಇಲ್ಲಿ ಅದೇ ಸರಕಾರದ ನೀತಿಯಾಯಿತು.

ಮೊದಲು ಉತ್ತರ ಹಿಂದುಸ್ತಾನದಲ್ಲಿ ಮಾತ್ರ ಇದ್ದ ಈ ಕಾಯಿದೆಯನ್ನು 1911ರಲ್ಲಿ ಇಡೀ ಬ್ರಿಟಿಷ ಭಾರತಕ್ಕೆ ಅನ್ವಯಿಸುವಂತೆ ತಿದ್ದಿ ಬರೆದರು. ಹೀಗೆ ಅದು ಮುಂಬಯಿ ಇಲಾಖೆಗೂ, ಅದರ ಮೂಲಕ ನಮ್ಮ ಕನ್ನಡ ಜಿಲ್ಲೆಗಳಿಗೂ ಬಂದಿತು. 1924ರಲ್ಲಿ ಅದನ್ನು ಮತ್ತೊಮ್ಮೆ ಕ್ರೋಡೀಕರಿಸಿದರು. ಅದರ ನಡೆ ಹೀಗಿತ್ತು: ಸರಕಾರವು ತನ್ನ ಗೆಜೆಟಿನಲ್ಲಿ ಒಂದು ಜಾತಿಯ ಅಥವಾ ಗುಂಪಿನ ಹೆಸರನ್ನು ಪ್ರಕಟಿಸಿದರೆ ಸಾಕು, ಅದು 'ಅಪರಾಧಿ ಜಾತಿ' ಆಗುತ್ತಿತ್ತು. ಅದರ ಜನರ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದು ಬೆರಳಚ್ಚು ತೆಗೆದುಕೊಳ್ಳುವರು. ಅವರು ಗೊತ್ತುಮಾಡಿದ ಹೊತ್ತಿಗೆ ಹಾಜರಿ ಕೊಡಬೇಕು. ಪರ ಊರಿಗೆ ಹೋಗಬೇಕಾದರೆ ಪಾಸು ಪಡೆಯಬೇಕು. ಸರಕಾರಕ್ಕೆ ಬೇಕೆನಿಸಿದರೆ ಅವರನ್ನು ಒಂದು ಸೆಟ್ಲಮೆಂಟಿಗೆ ಸಾಗಿಸಬಹುದು. ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ ಬೇರೆ ಶಾಲೆಯಲ್ಲಿ ಇರಿಸಬಹುದು. 'ನಾನೇನು ಮಾಡಿದೆ?' ಎಂದು ಕೇಳಲು ನ್ಯಾಯಾಲಯದ ಬಾಗಿಲು ತೆರೆದಿರಲಿಲ್ಲ. ಸರಕಾರದ ಪ್ರಕಟಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಕಾಯಿದೆಯಲ್ಲಿಯೇ ಬರೆದಿತ್ತು.

ನಮ್ಮ ಭಾಗದಲ್ಲಿ ಈ ಬಲೆಗೆ ಸಿಕ್ಕವರಲ್ಲಿ ಹರಣಶಿಕಾರಿಗಳು, ಗಂಟಿಚೋರರು, ಛಪ್ಪರಬಂದರು, ಕೊರವರಲ್ಲಿಯ ಕೆಲವು ಗುಂಪುಗಳು ಇದ್ದವು. ಗಂಟಿಚೋರ ಎಂಬ ಹೆಸರನ್ನೇ ನೋಡಿರಿ. ಗಂಟು ಕದಿಯುವವನೆಂದು ಊರು ಹೆಸರಿಟ್ಟಿತು. ಸರಕಾರ ಆ ಹೆಸರನ್ನೇ ಪುರಾವೆಯೆಂದು ಹಿಡಿಯಿತು. ಆ ಮನೆಯಲ್ಲಿ ಹುಟ್ಟಿದ ಕೂಸು ಮಾತು ಕಲಿಯುವುದಕ್ಕೆ ಮುಂಚೆ ಚೋರನಾಗಿತ್ತು.

ಇವರಲ್ಲಿ ಯಾರೂ ಕದಿಯುತ್ತಿರಲಿಲ್ಲವೆಂದು ನಾವು ಹೇಳುತ್ತಿಲ್ಲ. ಕದಿಯುವವರು ಇದ್ದರು; ಹಳ್ಳಿಯ ಒಕ್ಕಲಿಗನಿಗೆ ಅವರ ಭಯವೂ ಇದ್ದಿತು. ಆದರೆ ಯಾಕೆ ಎಂಬ ಪ್ರಶ್ನೆಯನ್ನು ಕೇಳಬೇಡವೆ? ಕೊರವರು, ಲಂಬಾಣಿಗರು ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಡುವೆ ವ್ಯಾಪಾರ ನಡೆಸುತ್ತಿದ್ದ ಜನ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲುಮಾರ್ಗವು ನಮ್ಮ ಭಾಗಕ್ಕೆ ಬಂದಿತು. ಹೇರು ಹೊರುವ ಎತ್ತಿಗೆ ಕೆಲಸ ತಪ್ಪಿತು. ಉಪ್ಪಿನ ಮೇಲೆ ಸರಕಾರದ ಕರ ಕುಳಿತಿತು. 1878ರ ಅರಣ್ಯ ಕಾಯಿದೆಯ ಮೂಲಕ ಕಾಡು ಸರಕಾರದ ಸೊತ್ತಾಗಿ, ಬೇಟೆಯಾಡಿ ಬದುಕುತ್ತಿದ್ದ ಹರಣಶಿಕಾರಿಗೆ ಮೊಲ ಹಿಡಿಯುವುದೂ ಕಷ್ಟವಾಯಿತು. ಹೊಲವಿಲ್ಲ, ಮನೆಯಿಲ್ಲ, ಕಸುಬು ಹೋಯಿತು. ಹೀಗೆ ಒಂದು ಕೈಯಿಂದ ಅನ್ನವನ್ನು ಕಿತ್ತುಕೊಂಡ ಆಡಳಿತವು ಇನ್ನೊಂದು ಕೈಯಿಂದ ಬೆರಳಚ್ಚು ತೆಗೆದುಕೊಂಡಿತು.

ಮುಂಬಯಿ ಇಲಾಖೆಯ ಸೆಟ್ಲಮೆಂಟುಗಳ ಆರಂಭ ವಿಜಾಪುರದಲ್ಲಿ ಆಯಿತು. 1910ರ ಸುಮಾರಿಗೆ ಅಲ್ಲಿ ಅಧಿಕಾರಿಯಾಗಿದ್ದ ಓ.ಎಚ್.ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಸಾಹೇಬರು ಇದನ್ನು ಕೈಕೊಂಡರು. ಮುಂದೆ ಇಡೀ ಇಲಾಖೆಯ ಸೆಟ್ಲಮೆಂಟುಗಳ ಮೇಲಧಿಕಾರಿಯಾದರು. ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಂಥ ಊರುಗಳನ್ನು ಆರಿಸಿದ್ದರ ಕಾರಣ ಸ್ಪಷ್ಟ: ಅಲ್ಲಿ ಹತ್ತಿಯ ಗಿರಣಿಗಳಿದ್ದವು, ಹುಬ್ಬಳ್ಳಿಯಲ್ಲಿ ರೈಲ್ವೆ ಕಾರಖಾನೆಯೂ ಇದ್ದಿತು, ದುಡಿಯುವ ಕೈಗಳು ಬೇಕಾಗಿದ್ದವು. ಭೋಂಗಾ ಕೂಗಿದಾಗ ಗಿರಣಿಗೆ ಹೋಗುವುದು, ತಿರುಗಿ ಬಂದು ಹಾಜರಿ ಕೊಡುವುದು, ರಾತ್ರಿ ಬೇಲಿಯೊಳಗೆ ಮಲಗುವುದು, ಇದು ದಿನಚರಿ. ಸ್ಟಾರ್ಟ್ ಸಾಹೇಬರನ್ನು ದುಷ್ಟರೆನ್ನಲಾಗದು. ಅವರು ಶಾಲೆ ತೆರೆದರು, ಕೂಲಿ ಕೊಡಿಸಿದರು, ಒಳ್ಳೆಯ ನಡತೆ ತೋರಿದವರನ್ನು ಬೇಲಿಯ ಹೊರಗೆ ಇರಗೊಟ್ಟರು. ಶಿಕ್ಷೆಗಿಂತ ಉದ್ಯೋಗವೇ ಕಳವಿಗೆ ಮದ್ದು ಎಂದು ಅವರು ಕಂಡುಕೊಂಡಿದ್ದರು. 1928ರಲ್ಲಿ ಮುಂಬಯಿ ಸರಕಾರವು ಹಿಂದುಳಿದ ವರ್ಗಗಳ ಸ್ಥಿತಿಯ ವಿಚಾರಣೆಗೆ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಡಾಕ್ಟರ್ ಅಂಬೇಡಕರರೂ ಠಕ್ಕರ ಬಾಪಾ ಅವರೂ ಅದರ ಸದಸ್ಯರು. ಆದರೆ ಸಾಹೇಬರಿಗೆ ಕಾಣದ ಒಂದು ಮಾತಿದ್ದಿತು. ಉದ್ಯೋಗ ಸಿಕ್ಕರೆ ಮನುಷ್ಯನು ಕದಿಯುವುದಿಲ್ಲವೆಂದಾದರೆ, ದೋಷವು ಅವನ ಹುಟ್ಟಿನಲ್ಲಿ ಇರಲಿಲ್ಲವೆಂದೇ ಅರ್ಥವಲ್ಲವೆ? ಹಾಗಾದರೆ ಬೇಲಿ ಯಾತಕ್ಕೆ?

ಈ ಪ್ರಶ್ನೆಯನ್ನು ಅದೇ ಕಾಲಕ್ಕೆ ಹೊರದೇಶಗಳ ವಿದ್ವಾಂಸರೂ ಕೇಳುತ್ತಿದ್ದರು. 1876ರಲ್ಲಿ ಇಟಲಿಯ ಲೊಂಬ್ರೋಸೊ ಎಂಬ ವೈದ್ಯನು ಅಪರಾಧಿಯು ಹುಟ್ಟಿನಿಂದಲೇ ಬೇರೆ ತರದವನು. ಅವನ ದವಡೆ, ಕಿವಿ, ತಲೆಬುರುಡೆಗಳಿಂದಲೇ ಗುರುತಿಸಬಹುದು ಎಂದು ಬರೆದು ಹೆಸರಾದನು. 1913ರಲ್ಲಿ ಇಂಗ್ಲಂಡಿನ ಚಾರ್ಲ್ಸ್ ಗೋರಿಂಗ್ ಎಂಬ ಸೆರೆಮನೆಯ ವೈದ್ಯನು ಸುಮಾರು 3000 ಕೈದಿಗಳ ಅಂಗಾಂಗಗಳನ್ನು ಅಳೆದು, ವಿದ್ಯಾರ್ಥಿಗಳ, ಸೈನಿಕರ ಅಳತೆಗಳೊಡನೆ ಹೋಲಿಸಿ, ಅಂಥ ವಿಶೇಷ ದೇಹಲಕ್ಷಣವೇನೂ ಇಲ್ಲವೆಂದು ತೋರಿಸಿದನು. ಆಳುವವರ ಸ್ವಂತ ನಾಡಿನಲ್ಲಿಯೇ ಈ ಪುಸ್ತಕ ಹೊರಬಂದ ಹೊತ್ತಿಗೆ, ಹುಟ್ಟು ಕಳ್ಳರೆಂಬ ಹೆಸರಿನಲ್ಲಿ ಕನ್ನಡ ಜಿಲ್ಲೆಗಳಲ್ಲಿ ಬೇಲಿ ಏಳುತ್ತಿದ್ದಿತು!

ವಲಸೆ ಬಂದ ನಮ್ಮಂಥವರಿಗೆ ಇದಕ್ಕಿಂತ ಹೆಚ್ಚು ಹತ್ತಿರದ ಸಂಶೋಧನೆ ಅಮೆರಿಕದ ಶಿಕಾಗೋ ಪಟ್ಟಣದ್ದು. ಅಲ್ಲಿಯ ಕೆಲವು ಬಡ ಕೇರಿಗಳಲ್ಲಿ ಬಾಲಾಪರಾಧ ಹೆಚ್ಚಾಗಿದ್ದಿತು. ಶಾ ಮತ್ತು ಮೆಕೇ ಎಂಬ ಇಬ್ಬರು ಹಲವು ವರ್ಷಗಳ ದಾಖಲೆಗಳನ್ನು ಊರಿನ ನಕಾಶೆಯ ಮೇಲೆ ಗುರುತು ಹಾಕಿ, 1942ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಆ ಕೇರಿಗಳಲ್ಲಿ ಒಂದು ಕಾಲಕ್ಕೆ ಒಂದು ದೇಶದ ವಲಸೆಗಾರರಿದ್ದರು. ಅವರು ನಾಲ್ಕು ಕಾಸು ಕಂಡು ಒಳ್ಳೆಯ ಬಡಾವಣೆಗೆ ಹೋದರು. ಇನ್ನೊಂದು ದೇಶದವರು ಬಂದರು. ಜನ ಬದಲಾದರೂ ಕೇರಿಯ ಅಪರಾಧದ ಪ್ರಮಾಣ ಹೆಚ್ಚಾಗಿಯೇ ಉಳಿಯಿತು. ಬಿಟ್ಟುಹೋದವರ ಮಕ್ಕಳಲ್ಲಿ ಅದು ಕಡಿಮೆಯಾಯಿತು. ಅಂದರೆ ಬೇರು ಇದ್ದದ್ದು ರಕ್ತದಲ್ಲಲ್ಲ, ಕೇರಿಯ ದುಃಸ್ಥಿತಿಯಲ್ಲಿ.

ನಮ್ಮ ಮುಂಬಯಿಯೂ ಈ ವಿಚಾರದಲ್ಲಿ ಹಿಂದೆ ಬೀಳಲಿಲ್ಲ. 1924ರಲ್ಲಿ ಮುಂಬಯಿ ಮಕ್ಕಳ ಕಾಯಿದೆಯಾಯಿತು. ತಪ್ಪು ಮಾಡಿದ ಮಗುವನ್ನು ದೊಡ್ಡವರ ತುರಂಗಕ್ಕೆ ಕಳಿಸದೆ ಅದರ ಮನೆಯ ಸ್ಥಿತಿಗತಿಯನ್ನು ವಿಚಾರಿಸಬೇಕೆಂದು ಗೊತ್ತಾಯಿತು. 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸಾಯಿಟಿ ಸ್ಥಾಪನೆಗೊಂಡಿತು. ಡೋಂಗ್ರಿಯ ಉಮರಖಾಡಿಯಲ್ಲಿ 1804ರಲ್ಲಿ ಕಟ್ಟಿದ ಹಳೆಯ ತುರಂಗವೇ ಮಕ್ಕಳ ಗೃಹವಾಯಿತು. 1882ರಲ್ಲಿ ಟಿಳಕರೂ ಆಗರಕರರೂ ಸೆರೆಯಲ್ಲಿದ್ದ ಡೋಂಗ್ರಿ ಜೇಲು ಅದೇ. 1936ರಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಡ್ಟ್ ಎಂಬ ಅಮೆರಿಕದ ಪಾದ್ರಿಯ ನೇತೃತ್ವದಲ್ಲಿ, ಟಾಟಾ ಟ್ರಸ್ಟಿನ ನೆರವಿನಿಂದ, ಸಮಾಜಕಾರ್ಯವನ್ನು ಕಲಿಸುವ ಶಾಲೆ ತೆರೆಯಿತು. ನಾಗಪಾಡಾದ ಬಡ ಕೇರಿಯಲ್ಲಿ ಕೆಲಸ ಮಾಡಿ ಅನುಭವ ಪಡೆದವರು ಅವರು. ಆ ಶಾಲೆಯೇ 1944ರಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆ ಎಂಬ ಹೆಸರು ಪಡೆದು, 1954ರಲ್ಲಿ ದೇವನಾರಕ್ಕೆ ಬಂದಿತು. 1938ರಲ್ಲಿ ಮುಂಬಯಿ ಪ್ರೊಬೇಶನ್ ಕಾಯಿದೆಯಾಗಿ, ಮೊದಲ ಸಲ ತಪ್ಪಿದವನನ್ನು ಸೆರೆಗೆ ಹಾಕದೆ ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಬಿಡುವ ಪದ್ಧತಿ ಬಂದಾಗ, ಆ ಕೆಲಸಕ್ಕೆ ಓದಿದ ಜನ ಬೇಕಾದರು. 1951-52ರಲ್ಲಿ ಸಂಯುಕ್ತ ರಾಷ್ಟ್ರಸಂಘದ ಪರವಾಗಿ ವಾಲ್ಟರ್ ರೆಕ್ಲೆಸ್ ಎಂಬ ಅಪರಾಧಶಾಸ್ತ್ರಜ್ಞರು ಭಾರತಕ್ಕೆ ಬಂದು ಸೆರೆಮನೆಗಳ ಸುಧಾರಣೆಯ ಬಗ್ಗೆ ಸಲಹೆಯಿತ್ತರು. ಹೀಗೆ ಅಪರಾಧವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡುವ ಪರಿಪಾಠವು ನಮ್ಮ ನಗರದಲ್ಲಿ ಬೇರೂರಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಮುಂದೆ ಅಪರಾಧಶಾಸ್ತ್ರದ ವಿಭಾಗ ಹುಟ್ಟಿಕೊಂಡಿತು.

ಇಲ್ಲಿಯ ವಿಪರ್ಯಾಸವನ್ನು ಓದುಗರು ಗಮನಿಸಬೇಕು. 1924ರ ಒಂದೇ ವರ್ಷದಲ್ಲಿ ಎರಡು ಕಾಯಿದೆಗಳು. ಮುಂಬಯಿ ಪಟ್ಟಣದ ಬೀದಿಯಲ್ಲಿ ಕಿಸೆ ಕತ್ತರಿಸಿ ಸಿಕ್ಕಿಬಿದ್ದ ಹುಡುಗನಿಗೆ ಒಂದು ಕಾಯಿದೆ 'ಮಗೂ, ನಿನಗೆ ಏನು ಕಷ್ಟವಿದ್ದಿತು?' ಎಂದು ಕೇಳಿತು. ಏನನ್ನೂ ಕದಿಯದ ಗಂಟಿಚೋರರ ಹುಡುಗನನ್ನು ಇನ್ನೊಂದು ಕಾಯಿದೆ ತಾಯಿಯ ಮಡಿಲಿನಿಂದ ಎತ್ತಿಕೊಂಡು ಹೋಗಬಹುದಾಗಿತ್ತು. ವಿದ್ಯೆಯು ನಗರವನ್ನು ಮುಟ್ಟಿತು. ಬೇಲಿಯನ್ನು ಮುಟ್ಟಲು ಇನ್ನೂ 25 ವರ್ಷ ಬೇಕಾದವು.

ಬೇಲಿ ಬಿದ್ದದ್ದು ಹೀಗೆ. 1936ರಲ್ಲಿಯೇ ಜವಾಹರಲಾಲ ನೆಹರೂ ಅವರು ಈ ಕಾಯಿದೆಯನ್ನು ಬಹಿರಂಗವಾಗಿ ಖಂಡಿಸಿದ್ದರು. 1937ರಲ್ಲಿ ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಬಂದಾಗ, ಗೃಹಮಂತ್ರಿ ಕನ್ಹಯ್ಯಾಲಾಲ ಮುನ್ಶಿಯವರ ಅಧ್ಯಕ್ಷತೆಯಲ್ಲಿ ಇದರ ವಿಚಾರಣೆಗೆ ಸಮಿತಿಯೊಂದು ನೇಮಕವಾಯಿತು. ಯುದ್ಧ ಬಂದಿತು, ಮಂತ್ರಿಮಂಡಲ ಹೋಯಿತು, ಕೆಲಸ ನಿಂತಿತು. ಸ್ವಾತಂತ್ರ್ಯದ ತರುವಾಯ ಮದ್ರಾಸು 1947ರಲ್ಲಿ ಕಾಯಿದೆಯನ್ನು ತೆಗೆದುಹಾಕಿತು, ಮುಂಬಯಿ 1949ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವನ್ನು ಸ್ಥಾಪಿಸುವ ಕಾಯಿದೆಯನ್ನು ಮುಂಬಯಿಯ ವಿಧಾನಮಂಡಲವು ಮಂಜೂರು ಮಾಡಿದ್ದೂ ಅದೇ 1949ರಲ್ಲಿ. ಆ ವಿದ್ಯಾಲಯ ಮೊದಲು ಮುಂಬಯಿಯಲ್ಲಿಯೇ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಹೋಯಿತು. ಮೊದಲನೆಯ ಕಾಯಿದೆ ಕನ್ನಡಿಗರಿಗೆ ವಿದ್ಯೆಯ ಬಾಗಿಲು ತೆರೆಯಿತು, ಎರಡನೆಯದು ಬೇಲಿಯ ಬಾಗಿಲು. ಮೊದಲನೆಯದನ್ನು ನಾವು ನೆನಪಿಟ್ಟಿದ್ದೇವೆ, ಎರಡನೆಯದನ್ನು ಮರೆತಿದ್ದೇವೆ. ಬಳಿಕ ಅನಂತಶಯನಂ ಅಯ್ಯಂಗಾರರ ಸಮಿತಿಯ ವರದಿಯಂತೆ ದೇಶದಲ್ಲೆಲ್ಲ ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಆ ಜನರು ಇಂದಿಗೂ ಆ ದಿನವನ್ನು ವಿಮುಕ್ತಿ ದಿನವೆಂದು ಆಚರಿಸುತ್ತಾರೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಐದು ವರ್ಷ ಹದಿನಾರು ದಿನಗಳ ಮೇಲೆ ಬಂದ ಸ್ವಾತಂತ್ರ್ಯ ಅದು!

ಕಾಯಿದೆ ಹೋಯಿತು, ಕಲೆ ಹೋಯಿತೆ? ಇಡೀ ಜಾತಿಗಳ ದಾಖಲೆಪಟ್ಟಿ ಹೋದ ಜಾಗಕ್ಕೆ 'ರೂಢಿಗತ ಅಪರಾಧಿ'ಗಳ ಕಾಯಿದೆಗಳು ಬಂದವು: ಮುಂಬಯಿಯಲ್ಲಿ 1959ರಲ್ಲಿ, ನಮ್ಮ ನಾಡಿನಲ್ಲಿ 1961ರಲ್ಲಿ. ಇವು ವ್ಯಕ್ತಿಯನ್ನು ಮಾತ್ರ ನೋಡಬೇಕು, ಜಾತಿಯನ್ನಲ್ಲ ಎಂಬುದು ಬರಹದ ಮಾತು. ಆದರೆ ಠಾಣೆಯ ಹಳೆಯ ಅಭ್ಯಾಸ ಬರಹವನ್ನು ಕೇಳುವುದಿಲ್ಲ. ಊರಲ್ಲಿ ಕಳವಾದರೆ ಮೊದಲು ಆ ಕೇರಿಗೆ ಹೋಗುವ ಪದ್ಧತಿ ಉಳಿಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳನೆಂದು ಗಾದೆ ಹೇಳುತ್ತದೆ. ಈ ಜನರ ಹೆಗಲನ್ನು ಮಾತ್ರ ಊರೇ ಮುಟ್ಟಿ ನೋಡುತ್ತ ಬಂದಿತು. 1987ರಲ್ಲಿ ಪ್ರಕಟವಾದ ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಎಂಬ ಮರಾಠಿ ಆತ್ಮಕಥೆಯು ಆ ಬಾಳನ್ನು ಒಳಗಿನಿಂದ ತೋರಿಸಿ ಮರುವರ್ಷ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. 2024ರ ಅಕ್ಟೋಬರ 3ರಂದು, ಪತ್ರಕರ್ತೆಯೊಬ್ಬರ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟು ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ, ವಿಮುಕ್ತ ಜನರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ನಿಯಮಗಳನ್ನೂ ಸಂವಿಧಾನಬಾಹಿರವೆಂದು ಸಾರಿತು. 1952ರಲ್ಲಿ ಅಳಿಸಿದ ಅಕ್ಷರಗಳು ಸೆರೆಮನೆಯ ಕೈಪಿಡಿಗಳಲ್ಲಿ 72 ವರ್ಷ ಅಡಗಿ ಕುಳಿತಿದ್ದವು. ಅದೇ ವರ್ಷದ ಜುಲೈ 1ರಿಂದ 1860ರ ದಂಡಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಚಿಕ್ಕ ತಪ್ಪುಗಳಿಗೆ ಸಮಾಜಸೇವೆಯನ್ನೂ ಒಂದು ಶಿಕ್ಷೆಯಾಗಿ ಅದರಲ್ಲಿ ಸೇರಿಸಿದ್ದಾರೆ. ಗ್ರಂಥಗಳು ಬದಲಾಗುತ್ತವೆ, ಮನಸ್ಸು ಬದಲಾಗಲು ಹೊತ್ತು ಬೇಕು.

ಕರಾವಳಿಯಿಂದ ಬಂದ ನಮ್ಮ ಬಂಧುಗಳಿಗೆ ಇದು ಬಯಲುಸೀಮೆಯ ಯಾರದೋ ಕಥೆಯೆಂದು ತೋರಬಹುದು. ಹಾಗಲ್ಲ. ಕಾಯಿದೆಯ ಕಣ್ಣಿನಲ್ಲಿ ಒಂದು ಕಾಲಕ್ಕೆ ನಮ್ಮ ಹಿರಿಯರೂ ಅಪಾಯದ ಅಂಚಿನಲ್ಲಿಯೇ ಇದ್ದರು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 109ನೆಯ ಕಲಮಿನ ಪ್ರಕಾರ, ಜೀವನೋಪಾಯವೇನೆಂದು ಕಾಣದವನನ್ನು, ತನ್ನ ವಿಷಯವಾಗಿ ಸಮಾಧಾನಕರವಾದ ವಿವರಣೆ ಕೊಡಲಾರದವನನ್ನು ಹಿಡಿದು ಜಾಮೀನು ಕೇಳಬಹುದಾಗಿತ್ತು, ಜಾಮೀನಿಲ್ಲದಿದ್ದರೆ ಸೆರೆ. ಮಂಗಳೂರಿನಿಂದ ಹಡಗು ಹತ್ತಿ, ಒಂದು ಟ್ರಂಕಿನೊಡನೆ ಮುಂಬಯಿಗೆ ಬಂದಿಳಿದು, ಹೋಟೆಲಿನಲ್ಲಿ ಕಪ್ಪು ಬಶಿ ತೊಳೆಯುವ ಕೆಲಸ ಸಿಗುವ ವರೆಗೆ ಯಾವುದೋ ಜಗಲಿಯಲ್ಲಿ ಮಲಗಿದ ಹುಡುಗನು ಭಾಷೆ ಬಾರದ ಊರಿನ ಹವಾಲದಾರನಿಗೆ ಏನು ವಿವರಣೆ ಕೊಡುತ್ತಿದ್ದನು? ಅವನನ್ನು ಉಳಿಸಿದ್ದು 'ಇವ ನಮ್ಮೂರ ಹುಡುಗ' ಎಂದು ಹೇಳಲು ಒಬ್ಬ ಹೋಟೆಲಿನ ಧಣಿಯೋ, ರಾತ್ರಿಶಾಲೆಯ ಒಬ್ಬ ಮಾಸ್ತರರೋ, ಜಾತಿಬಾಂಧವರ ಒಂದು ಸಂಘವೋ ಇದ್ದದ್ದು. ಗಂಟಿಚೋರನಿಗೂ ಅವನಿಗೂ ಇದ್ದ ಅಂತರ ಇಷ್ಟೇ: ಒಬ್ಬನಿಗಾಗಿ ಮಾತಾಡುವವರು ಇದ್ದರು, ಇನ್ನೊಬ್ಬನಿಗಾಗಿ ಇರಲಿಲ್ಲ.

1973ರ ಹೊಸ ಕೋಡಿನಲ್ಲಿ 109ನೆಯ ಕಲಮಿನ ಆ ಭಾಗವನ್ನು ಕೈಬಿಟ್ಟರು. ಆದರೆ 1959ರ ಮುಂಬಯಿ ಭಿಕ್ಷಾಟನೆ ಪ್ರತಿಬಂಧಕ ಕಾಯಿದೆಯಲ್ಲಿ ಕೈಚಾಚಿದವನನ್ನಷ್ಟೇ ಅಲ್ಲ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ, ಬೇಡಿ ಬದುಕುವವನೆಂದು ತೋರುವಂತೆ ಸಾರ್ವಜನಿಕ ಜಾಗದಲ್ಲಿ ಅಲೆದಾಡುವವನನ್ನೂ ಭಿಕ್ಷುಕನೆಂದು ಕರೆದಿದ್ದಾರೆ. ಹಾಗೆ ತೀರ್ಮಾನವಾದವನನ್ನು ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಕೂಡಿಹಾಕಬಹುದು. 2018ರಲ್ಲಿ ದಿಲ್ಲಿಯ ಹೈಕೋರ್ಟು ದಿಲ್ಲಿಯ ಮಟ್ಟಿಗೆ ಇದರ ಮುಖ್ಯ ಕಲಮುಗಳನ್ನು ರದ್ದುಪಡಿಸುತ್ತ, ಬಡತನವು ಅಪರಾಧವಾಗಲಾರದೆಂಬ ಅಭಿಪ್ರಾಯ ಕೊಟ್ಟಿತು.

ಇಷ್ಟೆಲ್ಲ ಬರೆದ ಉದ್ದೇಶವನ್ನು ಹೇಳಿ ಮುಗಿಸುತ್ತೇವೆ. ಈ ನಗರದ ಉಪನಗರಗಳ ನಾಕಾಗಳಲ್ಲಿ ಬೆಳಿಗ್ಗೆ ಗುದ್ದಲಿ ಬುಟ್ಟಿ ಹಿಡಿದು ಕೂಲಿಗಾಗಿ ನಿಲ್ಲುವವರ ನಡುವೆ ಒಂದು ಕ್ಷಣ ನಿಂತು ಕಿವಿಗೊಡಿರಿ. ವಿಜಯಪುರ, ಕಲಬುರಗಿ, ಯಾದಗಿರಿಗಳ ಕನ್ನಡ ನಿಮ್ಮ ಕಿವಿಗೆ ಬೀಳುತ್ತದೆ. ವಡ್ಡರು, ಲಂಬಾಣಿಗರು, ಇನ್ನೂ ಎಷ್ಟೋ ಜನ. ನಮ್ಮ ಸೊಸಾಯಿಟಿಯ ಕಟ್ಟಡವನ್ನು ಕಟ್ಟಿದವರು ಅವರು; ಅದೇ ಸೊಸಾಯಿಟಿಯಲ್ಲಿ ಒಂದು ಸೈಕಲ್ಲು ಕಳೆದರೆ ಮೊದಲ ಸಂಶಯ ಹೋಗುವುದೂ ಅವರ ಜೋಪಡಿಯ ಕಡೆಗೆ. ಆಗ ನಮ್ಮಲ್ಲಿ ಎಷ್ಟು ಜನ 'ತಡೆಯಿರಿ, ಪುರಾವೆ ಏನು?' ಎಂದು ಕೇಳಿದ್ದೇವೆ? ಎಷ್ಟು ಜನ, ಅವರ ಕನ್ನಡ ಕೇಳಿದೊಡನೆ, ನಮ್ಮದು ಬೇರೆ ಕನ್ನಡವೆಂಬಂತೆ ಮುಖ ತಿರುಗಿಸಿದ್ದೇವೆ? ನಾವು ಕೂಡ ಹಾಗೆ ತಿರುಗಿಸಿದವರೇ ಎಂದು ಒಪ್ಪಿಕೊಳ್ಳದೆ ಈ ಲೇಖನ ಪ್ರಾಮಾಣಿಕವಾಗಲಾರದು.

ಕಾನೂನನ್ನು ತಿದ್ದುವುದು ಶಾಸನಸಭೆಯ ಕೆಲಸ, ಅಪರಾಧದ ಕಾರಣ ಹುಡುಕುವುದು ವಿದ್ವಾಂಸರ ಕೆಲಸ. 'ಇವ ನಮ್ಮವ' ಎಂದು ಹೇಳುವುದು ಮಾತ್ರ ಸಂಘದ ಕೆಲಸ. ಆ ಒಂದು ಮಾತಿನ ಬಲದಿಂದಲೇ ನಮ್ಮ ಸಂಘಗಳು ಈ ನಗರದಲ್ಲಿ ಹುಟ್ಟಿದವು. ಆ ನಾಕಾದ ಮಕ್ಕಳು ನಮ್ಮ ನಗರಪಾಲಿಕೆಯ ಕನ್ನಡ ಶಾಲೆಗೆ ಬರುವಂತಾಗಲಿ. ಮುಂದಿನ ರಾಜ್ಯೋತ್ಸವದ ಪಂಗ್ತಿಯಲ್ಲಿ ಅವರ ತಾಯಿತಂದೆಯರಿಗೂ ಎಲೆ ಬೀಳಲಿ. ಕ್ಯಾಲೆಂಡರಿನಲ್ಲಿ ನವೆಂಬರ 1ಕ್ಕೆ ಕೆಂಪು ಗುರುತು ಹಾಕುವಾಗ, ಮೂರು ಪುಟ ಹಿಂದಕ್ಕೆ ತಿರುಗಿಸಿ ಆಗಸ್ಟ್ 31ರ ಮೇಲೂ ಒಂದು ಚಿಕ್ಕ ಗುರುತು ಹಾಕೋಣ. ಹುಬ್ಬಳ್ಳಿಗೆ ಹೋದಾಗ 'ಸೆಟ್ಲಮೆಂಟ್' ಎಂಬ ಹೆಸರು ಕಿವಿಗೆ ಬಿದ್ದರೆ, ಅಲ್ಲಿ ಒಂದು ಬೇಲಿ ಇದ್ದಿತೆಂದೂ, ಅದು ಬಿದ್ದಿತೆಂದೂ ಜೊತೆಗಿದ್ದ ಮಕ್ಕಳಿಗೆ ಹೇಳೋಣ.